ಅಪ್ಪನಿಗೂ ಮಗನಿಗೂ ಒಂದೇ ಲೆಕ್ಕವೇ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ, ರೋಣ ತಾಲೂಕು. ಮದುವಿ ಆದಾಗಿನಿಂದ ಗೋವಾದ ಝುವಾರಿನಗರದಾಗ ಇದ್ದೇವಿ. ನಮ್ಮ ಮನೆಯವರಿಗೆ 45. ವಾಸ್ಕೋದಾಗ ಗುತ್ತಿಗೆದಾರರ ಕೈಕೆಳಗ ವೆಲ್ಡಿಂಗ್ ಕೆಲಸ. ನನಗ 40, ಮೂರು ಫ್ಲ್ಯಾಟಿನಾಗ ಮನೆಗೆಲಸ ಮಾಡ್ತೀನಿ. ಮಗನಿಗೆ 19, ಕಾಲೇಜಿಗೆ ಹೋಗ್ತಾನ. ಅವನ ಒತ್ತಾಯಕ್ಕ ಎರಡು ತಿಂಗಳಿಂದ ಮೂವರೂ ಸಂಜೆ ಮೈದಾನದಾಗ ನಡಿಯೋ ಫಂಕ್ಷನಲ್ ಫಿಟ್ನೆಸ್ ಕ್ಲಾಸಿಗೆ ಹೋಗ್ತೇವಿ. ಟ್ರೇನರ್ ಬೋರ್ಡಿನ ಮ್ಯಾಲೆ ಎಲ್ಲಾರಿಗೂ ಒಂದೇ ಲೆಕ್ಕ ಬರೀತಾನ, ‘ಕೈಲಾದಷ್ಟು ಮಾಡ್ರಿ’ ಅಂತಾನ. ಮೊನ್ನೆ ‘ಸಿಂಡಿ’ ಅಂತ ಒಂದು ಕೊಟ್ಟಿದ್ದ. ಇಪ್ಪತ್ತು ನಿಮಿಷ 5 ಪುಲ್-ಅಪ್, 10 ಪುಷ್-ಅಪ್, 15 ಬಸ್ಕಿ, ತಿರುಗಿ ತಿರುಗಿ. ಮಗ 14 ಸುತ್ತು ಹೊಡೆದ. ಇವರು ಅವನ ಸಮಕ್ಕ ಹೋಗಾಕ ಹೋಗಿ ಒಂಬತ್ತನೇ ಸುತ್ತು ಮುಗಿಯೂದ್ರಾಗ ವಾಂತಿ ಮಾಡ್ಕೊಂಡ್ರು. ಎರಡು ದಿನ ಕೈ ಮ್ಯಾಲೆ ಎತ್ತಾಕ ಬರಲಿಲ್ಲ. ಕಡಿಮಿ ಮಾಡ್ರಿ ಅಂದ್ರ ‘ಗರಡ್ಯಾಗ ಬೆಳೆದ ಮೈ ಇದು’ ಅಂತಾರ. ನಟ ಅಪ್ಪು ಹೋದಾಗಿನಿಂದ ನನಗ ಜಿಮ್ ಅಂದ್ರ ಎದಿ ಹೊಡಕೋತೈತಿ. ಇನ್ನ ನಾನು ಗೋಡಿಗೆ ಕೈ ಕೊಟ್ಟು ಪುಷ್-ಅಪ್ ಮಾಡಿದ್ರ ಹುಡುಗರು ನಗ್ತಾರ. ಮೊಣಕಾಲು ನೋವು ಐತಿ, ಶುಗರ್ ಬಾರ್ಡರ್ ಐತಿ ಅಂತ ಗುಳಿಗಿ ತಗೋತೀನಿ. ಇವರನ್ನ ಬಿಡಸಲೇನ್ರಿ? ನಾನೂ ಬಿಡಲೇನ್ರಿ?
– ಹೆಸರು ಬೇಡ

ಉತ್ತರ: ತಂಗೆವ್ವ, ಉಳಿದ ಮಾತು ಆಮೇಲೆ. ಮೊದಲು ನಿಮ್ಮ ಮನೆಯವರನ್ನು ಒಂದು ಕೇಳಿ. ಕೈ ಎತ್ತಲು ಬಾರದ ಆ ಎರಡು ದಿನ ಮೂತ್ರ ಯಾವ ಬಣ್ಣದಲ್ಲಿ ಹೋಯಿತು? ಗಂಡಸರು ಇದನ್ನು ತಾವಾಗಿ ಹೇಳುವವರಲ್ಲ, ನೀವೇ ಕೇಳಬೇಕು. ಮಾಮೂಲಿ ಹಳದಿಯೇ ಆಗಿತ್ತು ಅಂದರೆ ಮುಂದಕ್ಕೆ ಓದಿ. ಡಿಕಾಕ್ಷನ್ನಿನ ಹಾಗೆ ಕಪ್ಪಾಗಿತ್ತು, ತೋಳು ಊದಿಕೊಂಡು ಬಿಗಿದಿತ್ತು ಅಂದರೆ ಈ ಪತ್ರಿಕೆ ಮಡಚಿಟ್ಟು ಚಿಕಲಿಂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಳತೆ ಮೀರಿ ದುಡಿಸಿದ ಸ್ನಾಯು ಒಡೆದು, ಒಳಗಿನ ವಸ್ತುವೆಲ್ಲ ರಕ್ತಕ್ಕೆ ಸೇರಿ, ಮೂತ್ರಪಿಂಡವನ್ನು ಕೆಡಿಸುವ ಸ್ಥಿತಿ ಅದು. ವೈದ್ಯರು ರ‍್ಯಾಬ್ಡೊಮಯೊಲಿಸಿಸ್ ಅನ್ನುತ್ತಾರೆ. ‘ವ್ಯಾಯಾಮ ಮಾಡಿದ ಮೇಲೆ ಮೂತ್ರ ಕಪ್ಪಾಗಿದೆ’ ಎಂದು ನೀವು ಬಾಯಿಬಿಟ್ಟು ಹೇಳಿದರೆ ರಕ್ತದಲ್ಲಿ ಸಿಪಿಕೆ, ಕ್ರಿಯಾಟಿನಿನ್ ನೋಡುತ್ತಾರೆ. ಬರೀ ಮೈಕೈ ನೋವು ಎಂದರೆ ನೋವಿನ ಗುಳಿಗೆ ಕೊಟ್ಟು ಕಳಿಸುವ ಸಾಧ್ಯತೆಯೂ ಉಂಟು, ಮತ್ತು ಆ ಹೊತ್ತಿನಲ್ಲಿ ಮೂತ್ರಪಿಂಡಕ್ಕೆ ನೋವಿನ ಗುಳಿಗೆ ಒಳ್ಳೆಯದಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಅವರನ್ನು ಬಿಡಿಸಬೇಡಿ, ನೀವೂ ಬಿಡಬೇಡಿ. ಬದಲಾಗಬೇಕಾದದ್ದು ಬೋರ್ಡು.

ಬೋರ್ಡಿನ ಮೇಲಿದ್ದ ಆ ಲೆಕ್ಕ ಎಲ್ಲಿಂದ ಬಂತು ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ಗ್ಲಾಸ್‌ಮನ್ ಎಂಬ ತರಬೇತುದಾರ 2000ರಲ್ಲಿ ಕ್ರಾಸ್‌ಫಿಟ್ ಎಂಬ ಸಂಸ್ಥೆ ಕಟ್ಟಿದ. ಹೆಣ್ಣು ಹೆಸರಿನ ಕೆಲವು ವರ್ಕೌಟುಗಳನ್ನು ಆ ಪದ್ಧತಿ ಜಗತ್ತಿಗೆಲ್ಲ ಹಂಚಿತು. ಸಿಂಡಿ, ಫ್ರ್ಯಾನ್, ಹೆಲೆನ್ ಎಲ್ಲ ಅಲ್ಲಿಯವೇ. ಇವತ್ತು ಬೇರೆ ಬೇರೆ ಹೆಸರಿನಲ್ಲಿ ನಡೆಯುವ ಕ್ಲಾಸುಗಳೂ ಇವನ್ನೇ ಬಳಸುತ್ತವೆ. ಒಲಿಂಪಿಕ್ಸ್ ಓಟಗಾರನಿಗೂ ನಮ್ಮ ಅಜ್ಜಿಗೂ ಬೇಕಾದ ವ್ಯಾಯಾಮದ ಜಾತಿ ಒಂದೇ, ಬೇರೆಯಾಗುವುದು ಪ್ರಮಾಣ ಮಾತ್ರ ಎಂಬರ್ಥದ ಮಾತನ್ನು ಆತ 2002ರಲ್ಲೇ ಬರೆದಿದ್ದ. ಕ್ರಾಸ್‌ಫಿಟ್‌ನ ‘ಓಪನ್’ ಸ್ಪರ್ಧೆಯಲ್ಲೇ 2015ರಿಂದ ‘ಸ್ಕೇಲ್ಡ್’ ಎಂಬ ಪ್ರತ್ಯೇಕ ವಿಭಾಗ ಇದೆ. ಅಂದರೆ ಇಳಿಸಿ ಮಾಡುವುದು ಆ ಪದ್ಧತಿಯೊಳಗಿನದೇ ನಿಯಮ. ನಮ್ಮ ಕಡೆಗೆ ಬರುವಾಗ ಪುಲ್-ಅಪ್ ಬಂತು, ಬೋರ್ಡು ಬಂತು, ಗಡಿಯಾರ ಬಂತು, ಈ ಒಂದು ನಿಯಮ ದಾರಿಯಲ್ಲೇ ಉಳಿಯಿತು ಅಂತ ಕಾಣುತ್ತದೆ.

‘ಕೈಲಾದಷ್ಟು ಮಾಡ್ರಿ’ ಎಂಬ ಮಾತು ಕೇಳಲು ಉದಾರವಾಗಿದೆ, ಆದರೆ ಅದು ಸೂಚನೆಯೇ ಅಲ್ಲ. ಮಗನ ಎದುರು ನಿಂತ ಅಪ್ಪನಿಗೆ ಕೈಲಾಗದ್ದೂ ಕೈಲಾಗುತ್ತದೆ. ನಗುವ ಹುಡುಗರ ನಡುವೆ ನಿಂತ ನಿಮಗೆ ಕೈಲಾಗುವುದೂ ಆಗುವುದಿಲ್ಲ. ಒಂದೇ ಮಾತು ಅವರನ್ನು ವಾಂತಿವರೆಗೆ ಎಳೆಯಿತು, ನಿಮ್ಮನ್ನು ಮೂಲೆಗೆ ತಳ್ಳಿತು. ಟ್ರೇನರ್ ಪ್ರತಿಯೊಬ್ಬರಿಗೂ ಅಂಕಿ ಹೇಳಬೇಕು. ‘ನೀವು ಇವತ್ತು ಇಷ್ಟು, ಇದಕ್ಕಿಂತ ಒಂದೂ ಹೆಚ್ಚಿಲ್ಲ’ ಎನ್ನಬೇಕು. ಅದಕ್ಕೇ ಅವನಿಗೆ ಫೀ ಕೊಡುವುದು.

ಆ ಅಂಕಿ ಎಲ್ಲಿಂದ ಹುಟ್ಟಬೇಕು? ವಯಸ್ಸಿನಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ಬೆಳಗಿನಿಂದ. ಸಿಂಡಿಯ ಇಪ್ಪತ್ತು ನಿಮಿಷ ದಿನವಿಡೀ ಕುರ್ಚಿಯಲ್ಲಿ ಕೂತು ಬಂದವನಿಗೆ ಹೊಂದುತ್ತದೆ. ನಿಮ್ಮ ಮನೆಯವರು ದಿನವಿಡೀ ಕಾದ ಕಬ್ಬಿಣದ ಮಗ್ಗುಲಲ್ಲಿ, ಚರ್ಮದ ಏಪ್ರನ್ನು, ಕೈಗವಸು, ಮುಖವಾಡ ಹಾಕಿಕೊಂಡು, ಬಗ್ಗಿ ಕುಕ್ಕರಗಾಲಲ್ಲಿ ಕೂತು ಬಂದವರು. ತೋಳು ಗಂಟೆಗಟ್ಟಲೆ ಟಾರ್ಚು ಹಿಡಿದಿದೆ. ಮೈಯಲ್ಲಿನ ನೀರು ಅರ್ಧ ಅಲ್ಲೇ ಹೋಗಿದೆ. ಅಲ್ಲಿಂದ ಬಂದು ಒಂಬತ್ತು ಸುತ್ತು ಅಂದರೆ 45 ಪುಲ್-ಅಪ್, 90 ಪುಷ್-ಅಪ್, 135 ಬಸ್ಕಿ. ಮಗ 14 ಸುತ್ತು ಹಾಕಿದ ನಿಜ, ಅವನ ದಿನ ಮೈದಾನದಲ್ಲಿ ಶುರುವಾಯಿತು. ಇವರ ದಿನ ಅಷ್ಟೊತ್ತಿಗೆ ಮುಗಿಯುತ್ತಾ ಬಂದಿತ್ತು. ಈ ಲೆಕ್ಕ ಹಾಕಿದರೆ ಸೋತವರು ಯಾರು ಎಂದು ಹೇಳುವುದು ಕಷ್ಟ.

ಹಾಗಾದರೆ ದುಡಿಯುವವರಿಗೆ ವ್ಯಾಯಾಮವೇ ಬೇಡವೇ ಎಂದು ನಿಮ್ಮ ಓಣಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಕು. ಭಾರ ಎತ್ತುವ, ಬಗ್ಗಿ ನಿಲ್ಲುವ ದುಡಿಮೆ ಹೃದಯಕ್ಕೆ ವ್ಯಾಯಾಮದಷ್ಟು ಒಳ್ಳೆಯದು ಮಾಡುವುದಿಲ್ಲ ಎಂದು ಸಂಶೋಧಕರು ಕೆಲವು ಕಾಲದಿಂದ ಹೇಳುತ್ತಿದ್ದಾರೆ. ದುಡಿಮೆಯಲ್ಲಿ ಯಾವಾಗ ನಿಲ್ಲಿಸಬೇಕು ಎಂಬುದು ನಮ್ಮ ಕೈಲಿರುವುದಿಲ್ಲ, ವಿಶ್ರಾಂತಿ ಸಾಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರು ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ವಾರಕ್ಕೆ ಮೂರು ಸಂಜೆ, ಅದರಲ್ಲಿ ಒಂದು ಹಗುರ ಸಂಜೆ, ಇಬ್ಬರಿಗೂ ಸಾಕು.

ಈಗ ಅದೇ ಸಿಂಡಿಯನ್ನು ನಿಮ್ಮ ಮನೆಗೆ ಇಳಿಸೋಣ. ಸಿಂಡಿಯ ಆಸೆ ಏನು? ಇಪ್ಪತ್ತು ನಿಮಿಷ ನಿಲ್ಲದೆ, ಒಂದೇ ಹದದ ಉಸಿರಿನಲ್ಲಿ, ಸುತ್ತಿಗೆ ಒಂದೂಕಾಲು ನಿಮಿಷದ ಆಸುಪಾಸಿನಲ್ಲಿ ಸಾಗುತ್ತಿರಬೇಕು. ಅಷ್ಟೇ. ಪುಲ್-ಅಪ್ಪೇ ಆಗಬೇಕು, ಐದೇ ಆಗಬೇಕು ಎಂಬುದು ಅದರ ಆಸೆಯಲ್ಲ. ಮಗ ಬೋರ್ಡಿನಲ್ಲಿ ಇದ್ದದ್ದನ್ನೇ ಮಾಡಲಿ. ನಿಮ್ಮ ಮನೆಯವರು 12 ನಿಮಿಷ ಮಾಡಲಿ, ಸುತ್ತಿಗೆ 3 ಪುಲ್-ಅಪ್, 6 ಪುಷ್-ಅಪ್, 10 ಬಸ್ಕಿ. ಪುಲ್-ಅಪ್ ಮೂರನೇ ಸುತ್ತಿಗೇ ಕೈಕೊಟ್ಟರೆ ಸೊಂಟದೆತ್ತರದ ಸರಳು ಹಿಡಿದು, ಹಿಮ್ಮಡಿ ನೆಲಕ್ಕೂರಿ, ಎದೆಯನ್ನು ಸರಳಿನತ್ತ ಎಳೆದುಕೊಳ್ಳುವುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಪುಲ್-ಅಪ್ ಬಾರದವರಿಗೆ ಟ್ರೇನರುಗಳು ಸ್ಟೂಲಿನಿಂದ ಹಾರಿ ಸರಳು ಹಿಡಿದು ಮೆಲ್ಲಗೆ ಇಳಿಯಲು ಹೇಳುತ್ತಾರೆ. ಅದು ಹಗುರವಾಗಿ ಕಾಣುತ್ತದೆ. ಆದರೆ ಸ್ನಾಯು ಹೆಚ್ಚು ಹರಿಯುವುದು ಮೇಲೇರುವಾಗಲ್ಲ, ಭಾರ ಹೊತ್ತು ನಿಧಾನ ಇಳಿಯುವಾಗ. ಹೊಸಬರಿಗೆ ಅದನ್ನು ಐವತ್ತು ಸಲ ಮಾಡಿಸಿದರೆ ನಾನು ಮೊದಲು ಹೇಳಿದ ಕಪ್ಪು ಮೂತ್ರದ ದಾರಿ ಅದೇ.

ನೀವು 10 ನಿಮಿಷ ಮಾಡಿ. ನಿಮ್ಮ ಕಾಲು ಮೂರು ಮನೆಯ ನೆಲ ಒರೆಸಿ ಬಂದದ್ದು, ಬಸ್ಕಿಯ ಪಾಲು ಆಗಲೇ ಸಂದಿದೆ. ಹಿಂದೆ ಒಂದು ಕುರ್ಚಿ ಇಟ್ಟುಕೊಂಡು, ಅದನ್ನು ಮುಟ್ಟಿ ಏಳುವುದು 8 ಸಲ. ಮೊಣಕಾಲಿನ ನೋವಿಗೆ ಹತ್ತರಲ್ಲಿ ಎಷ್ಟು ಎಂದು ನೀವೇ ಅಂಕ ಕೊಡಿ. ಮೂರರ ಒಳಗಿದ್ದರೆ ನಡೆಯುತ್ತದೆ. ಮೂರು ದಾಟಿದರೆ, ಅಥವಾ ಮರುದಿನ ಮುಂಜಾನೆ ಮೆಟ್ಟಿಲು ಇಳಿಯುವಾಗ ಹೆಚ್ಚಾಗಿದ್ದರೆ, ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿ. ಪುಷ್-ಅಪ್ಪಿಗೆ ಗೋಡೆ ಒಳ್ಳೆಯ ಶುರುವಾತು. ಅಲ್ಲಿ 10 ಸಲೀಸಾಗಿ ಬಂದ ಮೇಲೆ ಅಡುಗೆ ಕಟ್ಟೆಯ ಎತ್ತರಕ್ಕೆ ಇಳಿಯಿರಿ, ಅಲ್ಲಿಂದ ಬೆಂಚಿಗೆ, ಕೊನೆಗೆ ನೆಲಕ್ಕೆ. ಕೈ ಎಷ್ಟು ಕೆಳಗೆ ಹೋಗುತ್ತದೋ ಅಷ್ಟು ಭಾರ ನಿಮ್ಮ ತೋಳಿನ ಮೇಲೆ ಬೀಳುತ್ತದೆ. ನಗುವ ಹುಡುಗರಲ್ಲಿ ಹಲವರು ನೆಲದ ಮೇಲೆ ಸೊಂಟ ಜೋಲಿಸಿ, ಮೊಣಕೈ ಅರ್ಧ ಬಗ್ಗಿಸಿ ಹತ್ತು ಎಣಿಸುವವರು. ಅದಕ್ಕಿಂತ ಗೋಡೆಯ ಮೇಲೆ ನೆಟ್ಟಗೆ ಮಾಡಿದ ಆರು ಮೇಲು.

ಬರ್ಪಿ, ಹಗ್ಗ ಜಿಗಿತ, ಡಬ್ಬಿಯ ಮೇಲೆ ಹಾರುವುದು ಬಂದಾಗ ಹಾರಬೇಡಿ. ಬೆಂಚಿಗೆ ಕೈಯೂರಿ ಒಂದೊಂದೇ ಕಾಲು ಹಿಂದಿಟ್ಟು ಮುಂದಿಡಿ, ಡಬ್ಬಿಯನ್ನು ಹತ್ತಿ ಇಳಿಯಿರಿ. 400 ಮೀಟರ್ ಓಟ ಇದ್ದರೆ 200 ಮೀಟರ್ ಬಿರುಸು ನಡಿಗೆ. ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ನಿಮ್ಮ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ಕ್ಲಾಸು ಬಿಡುವುದು ಅದಕ್ಕಾಗಿಯೇ: ಜಿಗಿದರೆ, ಕೆಮ್ಮಿದರೆ ಮೂತ್ರ ತೊಟ್ಟಿಕ್ಕುವುದು. ಹೆರಿಗೆಯಾದ ಮೈಗೆ ಇದು ಸಾಮಾನ್ಯ, ಸಹಿಸಿಕೊಂಡು ಇರಬೇಕಾದ್ದಲ್ಲ. ಕೆಳಹೊಟ್ಟೆಯ ತಳದ ಸ್ನಾಯುವಿಗೆ ಪ್ರತ್ಯೇಕ ವ್ಯಾಯಾಮ ಇದೆ, ಸ್ತ್ರೀರೋಗ ವೈದ್ಯರು ಅಥವಾ ಫಿಸಿಯೋಥೆರಪಿಯವರು ಕಲಿಸುತ್ತಾರೆ.

ಹದ ಸರಿಯಾಗಿದೆಯೇ ಎಂದು ತಿಳಿಯಲು ವಾಚು ಬೇಡ. ಎರಡು ಸುತ್ತಿನ ನಡುವೆ ನಿಮ್ಮ ಮನೆಯವರಿಂದ ಊರು, ತಾಲೂಕು, ಜಿಲ್ಲೆ ಹೇಳಿಸಿ. ಮೂರೂ ಒಂದೇ ಉಸಿರಿನಲ್ಲಿ ಬಂದರೆ ಇನ್ನು ಸ್ವಲ್ಪ ಜೋರಾಗಬಹುದು. ತಾಲೂಕಿಗೆ ಬಂದು ಉಸಿರು ಎಳೆದುಕೊಂಡರೆ ಅದೇ ಸರಿಯಾದ ಹದ. ಊರಿನ ಹೆಸರೂ ಬಾರದೆ ಕೈಸನ್ನೆ ಮಾಡಿದರೆ ಕೂರಿಸಿ ನೀರು ಕೊಡಿ. ಮುಂದಿನ ಒಂದು ತಿಂಗಳು ಅವರು ತಾಲೂಕು ದಾಟಬಾರದು. ವಾಂತಿಯನ್ನು ಕೆಲವು ಕ್ಲಾಸುಗಳಲ್ಲಿ ಪರಾಕ್ರಮ ಅನ್ನುವ ಹಾಗೆ ಮಾತಾಡುತ್ತಾರೆ. ಅದು ಲೆಕ್ಕ ತಪ್ಪಿತು ಎಂದು ಮೈ ಹೇಳುವ ಮಾತು, ಅದರಾಚೆಗೆ ಏನೂ ಅಲ್ಲ.

ವಾಸ್ಕೋದ ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ರೋಣದಲ್ಲಿ ಬಿಸಿಲು ಸುಡುತ್ತದೆ, ಆದರೆ ಬೆವರು ಆರುತ್ತದೆ. ಇಲ್ಲಿ ಸಮುದ್ರದ ತೇವಕ್ಕೆ ಬೆವರು ಆರುವುದೇ ಇಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ, ಇದೇ ಲೆಕ್ಕವನ್ನು ಇನ್ನೂ ಕಾಲುಭಾಗ ಇಳಿಸಿ. ಮೈ ಹೊಸ ಸೆಕೆಗೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಜಾತ್ರೆಗೆಂದು ಊರಿಗೆ ಹೋಗಿ ಹದಿನೈದು ದಿನ ಇದ್ದು ಬಂದರೂ ಅಷ್ಟೇ, ಬಿಟ್ಟಲ್ಲಿಂದ ಶುರು ಮಾಡುವಂತಿಲ್ಲ, ಅರ್ಧದಿಂದ. ಕೆಲಸದಿಂದ ನೇರ ಮೈದಾನಕ್ಕೆ ಬರುವ ಮೊದಲು ಉಪ್ಪು ಹಾಕಿದ ಮಜ್ಜಿಗೆ ಒಂದು ತಂಬಿಗೆ ಕುಡಿಯಲಿ, ಅರ್ಧ ತಾಸು ಫ್ಯಾನಿನಡಿ ಕೂರಲಿ. ಬಿ.ಪಿ. ಇದ್ದರೆ ಉಪ್ಪಿನ ಮಾತು ವೈದ್ಯರನ್ನು ಕೇಳಿ.

ಅಪ್ಪುವಿನ ವಿಷಯ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಆ ಹೆದರಿಕೆ ಗೋವಾದ ಕನ್ನಡದ ಮನೆಗಳನ್ನೂ ಬಿಡಲಿಲ್ಲ. ಆದರೆ ಜಿಮ್ಮೇ ಕೊಲ್ಲುತ್ತದೆ ಎಂಬ ಪಾಠವನ್ನು ಆ ಸಾವಿನಿಂದ ಕಲಿತರೆ ತಪ್ಪಾಗುತ್ತದೆ. ರೂಢಿಯಿಲ್ಲದವನು ಏಕಾಏಕಿ ಮೈಮುರಿದಾಗ ಹೃದಯಾಘಾತದ ಅಪಾಯ ಏರುತ್ತದೆ, ವಾರಕ್ಕೆ ಹಲವು ಸಲ ಹದವಾಗಿ ಮಾಡುವವನಿಗೆ ಆ ಏರಿಕೆ ಬಹಳ ಕಡಿಮೆ. ಇದು 1990ರ ದಶಕದಿಂದಲೇ ಗೊತ್ತಿರುವ ಸಂಗತಿ. ಇಳಿಸಿ ಮಾಡಿ ಎಂದು ನಾನು ಇಷ್ಟು ಹೇಳುತ್ತಿರುವುದಕ್ಕೆ ಅದೂ ಒಂದು ಕಾರಣ. ನಿಮ್ಮ ಮನೆಯವರು ಮುಂದಿನ ಕ್ಲಾಸಿಗೆ ಮೊದಲು ಬಿ.ಪಿ., ಶುಗರ್, ಕೊಲೆಸ್ಟೆರಾಲ್, ಇಸಿಜಿ ಮಾಡಿಸಲಿ. ಬೀಡಿ, ಗುಟ್ಕಾ ಇದ್ದರೆ, ಅವರ ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದರೆ ಮುಚ್ಚಿಡದೆ ಹೇಳಲಿ. ಇಸಿಜಿ ಸರಿ ಇದೆ ಎಂದರೆ ಎಲ್ಲ ಸರಿ ಇದೆ ಎಂದೇನೂ ಅಲ್ಲ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರೇ ನಿರ್ಧರಿಸಲಿ. ಅಲ್ಲಿವರೆಗೆ ನಡಿಗೆ ಮಾತ್ರ. ವ್ಯಾಯಾಮದ ನಡುವೆ ಎದೆ ಹಿಂಡಿದ ಹಾಗಾದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಕಣ್ಣು ಕತ್ತಲೆ ಬಂದರೆ ಸೋಡಾ ಕುಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಈಗ ಕಷ್ಟದ ಭಾಗ: ಅವರನ್ನು ಒಪ್ಪಿಸುವುದು. ‘ಗರಡ್ಯಾಗ ಬೆಳೆದ ಮೈ’ ಎಂಬ ಮಾತಿಗೆ ನೀವು ಎದುರು ವಾದಿಸಬೇಡಿ, ಅದನ್ನೇ ಹಿಡಿದುಕೊಳ್ಳಿ. ನನಗೂ ಗರಡಿಯ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಯಾವ ಉಸ್ತಾದ ಹೊಸ ಹುಡುಗನ ಕೈಗೆ ಮೊದಲ ದಿನವೇ ದೊಡ್ಡ ಗುಂಡುಕಲ್ಲು ಕೊಟ್ಟಿದ್ದ? ಜ್ವರದಿಂದ ಎದ್ದು ಬಂದ ಪೈಲ್ವಾನನಿಗೆ ಪೂರ್ತಿ ಸಾಮು ತೆಗೆಸಿದ್ದನೇ? ಅಲ್ಲಿ ದಂಡ ಎಷ್ಟು, ಬಸ್ಕಿ ಎಷ್ಟು ಎಂದು ಹೇಳುವವನು ಉಸ್ತಾದ, ಎತ್ತುವವನಲ್ಲ. ‘ನಿಮ್ಮ ಉಸ್ತಾದರು ಇದ್ದಿದ್ದರೆ ವೆಲ್ಡಿಂಗ್ ಮುಗಿಸಿ ಬಂದವರಿಗೆ ಎಷ್ಟು ಕೊಡ್ತಿದ್ದರು?’ ಎಂದು ಒಮ್ಮೆ ಕೇಳಿ ಸುಮ್ಮನಿದ್ದುಬಿಡಿ. ಉಳಿದದ್ದನ್ನು ಟ್ರೇನರ್ ಹೇಳಲಿ. ಹೆಂಡತಿ ಕಡಿಮೆ ಮಾಡಿ ಎಂದರೆ ಅದು ಕನಿಕರವಾಗಿ ಕೇಳಿಸುತ್ತದೆ, ಟ್ರೇನರ್ ಹೇಳಿದರೆ ಪಾಠವಾಗುತ್ತದೆ.

ಮಗನ ಜೊತೆಗೂ ಮಾತಾಡಿ. ಅಪ್ಪ ಅಮ್ಮನನ್ನು ಮೈದಾನಕ್ಕೆ ಕರೆತಂದ ಹುಡುಗ ಒಳ್ಳೆಯವನೇ, ಅಪ್ಪನ ಲೆಕ್ಕ ಬೇರೆ ಎಂಬುದು ಅವನಿಗೆ ಹೊಳೆದಿಲ್ಲ ಅಷ್ಟೇ. ಪಣಜಿಯ ಮಿರಾಮಾರ್ ಕಡಲತೀರದಲ್ಲಿ 2019ರಿಂದ ನಡೆಯುವ ಐರನ್‌ಮ್ಯಾನ್ 70.3 ಅವನಿಗೆ ಗೊತ್ತಿರುತ್ತದೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಅಲ್ಲೂ ಮೂವರು ಹಂಚಿಕೊಂಡು ಮಾಡುವ ರಿಲೇ ವಿಭಾಗ ಇದೆ. ರಾಜಕೀಯ ಬದಿಗಿಟ್ಟು ನೋಡಿದರೆ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2022ರಲ್ಲಿ ಇಲ್ಲಿ ರಿಲೇಯಲ್ಲಿ ಸೈಕಲ್ ಪಾಲನ್ನಷ್ಟೇ ಮಾಡಿ, 2024ರಲ್ಲಿ ಮೂರನ್ನೂ ಒಬ್ಬರೇ ಮುಗಿಸಿದರು. ನಡುವೆ ಎರಡು ವರ್ಷ ಹಿಡಿಯಿತು.

ನೀವೂ ಸಿಂಡಿಯನ್ನು ರಿಲೇ ಮಾಡಿ ನೋಡಿ. ಮೂವರೂ ಒಂದು ತಂಡ. ಮಗ ತನ್ನ ಲೆಕ್ಕದ ಒಂದು ಸುತ್ತು ಮುಗಿಸಿ ಅಪ್ಪನ ಕೈ ತಟ್ಟಲಿ, ಅಪ್ಪ ತಮ್ಮ ಲೆಕ್ಕ ಮುಗಿಸಿ ನಿಮ್ಮದು, ನೀವು ಮುಗಿಸಿ ಮತ್ತೆ ಅವನದು. ಇಪ್ಪತ್ತು ನಿಮಿಷದಲ್ಲಿ ಮನೆಯ ಒಟ್ಟು ಸುತ್ತು ಎಷ್ಟು ಎಂಬುದೊಂದೇ ಎಣಿಕೆ. ಒಬ್ಬರು ಮಾಡುವಾಗ ಇಬ್ಬರಿಗೆ ಉಸಿರು ಬರುತ್ತದೆ, ನಿಮ್ಮ ಮನೆಯವರಿಗೆ ಬೇಕಾದ ವಿಶ್ರಾಂತಿ ಅವರು ಕೇಳದೆಯೇ ಸಿಗುತ್ತದೆ. ಟ್ರೇನರನಿಗೆ ಇನ್ನೊಂದು ಹೇಳಿ, ‘ಇಷ್ಟು ಮುಗಿಸಿ’ ಎನ್ನುವ ಬದಲು ‘ಇಷ್ಟು ನಿಮಿಷ’ ಎಂದೇ ಬೋರ್ಡಿನಲ್ಲಿ ಬರೆಯಲಿ. ಎಣಿಕೆ ಮುಗಿಸುವ ವರ್ಕೌಟಿನಲ್ಲಿ ಯಾರಾದರೂ ಒಬ್ಬರು ಕೊನೆಯವರಾಗಲೇಬೇಕು, ಎಲ್ಲರೂ ಸುತ್ತ ನಿಂತು ಚಪ್ಪಾಳೆ ಹೊಡೆಯುತ್ತಾರೆ, ಆ ಚಪ್ಪಾಳೆಗೆ ನಾಚಿ ಎಷ್ಟೋ ಜನ ಮರುದಿನ ಬರುವುದಿಲ್ಲ. ಗಡಿಯಾರದ ವರ್ಕೌಟಿನಲ್ಲಿ ಸೀಟಿ ಊದಿದಾಗ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ.

ನಿಮ್ಮ ಗುಳಿಗೆಯ ಹೆಸರು ಪತ್ರದಲ್ಲಿಲ್ಲ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ವ್ಯಾಯಾಮದ ನಡುವೆ ಶುಗರ್ ದಿಢೀರ್ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ತರಹದ್ದು ಸೇರಿದ್ದರೆ ಇಳಿಯಬಹುದು, ಕೈ ನಡುಗಿ ತಣ್ಣನೆಯ ಬೆವರು ಬರುತ್ತದೆ. ಗುಳಿಗೆಯ ಚೀಟಿ ತೋರಿಸಿ ವೈದ್ಯರನ್ನು ಕೇಳುವವರೆಗೆ ಖಾಲಿ ಹೊಟ್ಟೆಯಲ್ಲಿ ಮೈದಾನಕ್ಕೆ ಇಳಿಯಬೇಡಿ, ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಮಗನ ಬ್ಯಾಗಿನಲ್ಲಿರಲಿ. ಇಸಿಜಿ ಬಂದ ಮೇಲೆ ಗುಳಿಗೆಯ ಹೆಸರಿನ ಸಮೇತ ಇನ್ನೊಂದು ಪತ್ರ ಬರೆಯಿರಿ.